ಬಿಸಿಲಿಗಿಟ್ಟ ಗ್ರೈಂಡರ್

ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿರುವ ವಿನುತಾಳ ಮನೆಯ ಬಾಗಿಲು ತೆರೆದ ಕೂಡಲೇ ನನ್ನ ಮೂಗಿಗೆ ಬಡಿದದ್ದು ಹುಳಿ ಬಂದ ಇಡ್ಲಿ ಹಿಟ್ಟಿನ ವಾಸನೆ. ಹೊರಗೆ ಡಿಸೆಂಬರ್ ತಿಂಗಳ ರಣಬಿಸಿಲು. ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನವು. ನಾನು ತಪ್ಪಿ ಪಕ್ಕದ ಮನೆಯ ಗಂಟೆ ಒತ್ತಿ, ಅಲ್ಲಿಯ ಪಂಜಾಬಿ ಅಜ್ಜಿಯಿಂದ ನೀರು ಕುಡಿಸಿಕೊಂಡು ಇಲ್ಲಿಗೆ ಬಂದಿದ್ದೆ. ವಿನುತಾಳ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಚೊಕ್ಕವಾಗಿ ಉತ್ತರ ಕೊಟ್ಟು ತನ್ನ ಕೋಣೆಗೆ ಹೋದಳು. ನಾನು ಬ್ಯಾಗನ್ನೂ ಇಳಿಸದೆ ವಾಸನೆಯ ಜಾಡು ಹಿಡಿದು ಅಡುಗೆಮನೆಗೆ ನಡೆದೆ. ಕಟ್ಟೆಯ ಮೂಲೆಯಲ್ಲಿ ಚೌಕಳಿ ಟವೆಲ್ ಹೊದ್ದುಕೊಂಡು ಅದು ಕೂತಿತ್ತು.

"ಇದು ಇನ್ನೂ ಐತೇನ?" ಅಂದೆ.

"ನಮ್ಮಿಬ್ಬರಿಗಿಂತ ಗಟ್ಟಿಯಾಗಿದೆ ಕಣೇ," ಅಂದಳು ವಿನುತಾ.

ಅದು ಒಂದು ವೆಟ್ ಗ್ರೈಂಡರ್. ಸ್ಟೀಲಿನ ಡ್ರಮ್ಮು, ಒಳಗೆ ಎರಡು ಕಲ್ಲು, ಕೆಳಗೊಂದು ಮೋಟಾರು. ಎರಡು ಸಾವಿರದ ಆರರ ಕ್ರಿಸ್‌ಮಸ್ಸಿನ ಮುಂಚಿನ ವಾರದಲ್ಲಿ ನನ್ನ ಮರ್ಯಾದೆಯನ್ನು ಮೆಲ್ಬರ್ನಿನ ಬೀದಿಗೆ ತಂದದ್ದು ಇದೇ.

ನಾನು ಗದಗಿನವಳು. ಬೀಜಗಳ ಬಗ್ಗೆ ಓದುತ್ತಿದ್ದೆ. ಒಂದೇ ಒಂದು ಸೆಮಿಸ್ಟರಿನ ಮಟ್ಟಿಗೆ ಮೆಲ್ಬರ್ನಿಗೆ ಹೋಗಿ ಓದುವ ಅವಕಾಶ ಸಿಕ್ಕಿತು. ಜುಲೈಯಲ್ಲಿ ಇಳಿದು ಡಿಸೆಂಬರಿನಲ್ಲಿ ವಾಪಸ್ಸು. ಇದ್ದದ್ದು ಗ್ಲೆನ್ ವೇವರ್ಲಿಯಲ್ಲಿ, ಟ್ರೇನು ಮುಂದಕ್ಕೆ ಹೋಗದೆ ನಿಂತುಬಿಡುವ ಕೊನೆಯ ಸ್ಟೇಷನ್ನಿನಿಂದ ಹದಿನೈದು ನಿಮಿಷ ನಡೆದರೆ ಸಿಗುತ್ತಿದ್ದ ಒಂದು ಹಳೆಯ ಯೂನಿಟ್. ಮುಂದೊಂದು ಮನೆ, ಅದರ ಬೆನ್ನಿಗೆ ಅಂಟಿಕೊಂಡು ನಮ್ಮದು. ಜೊತೆಗಿದ್ದವಳು ಬೆಂಗಳೂರಿನ ವಿನುತಾ. ಅವಳು ಆಗಲೇ ಎರಡು ವರ್ಷದಿಂದ ಅಲ್ಲಿದ್ದಳು, ಐಟಿ ಓದು ಮುಗಿಸಿ, ಅಲ್ಲೇ ಕಾಯಂ ನೆಲೆಸಲು ಬೇಕಾದ ಪಿಆರ್‌ಗೆ ಅರ್ಜಿ ಹಾಕಿ ಕೂತಿದ್ದಳು. ಪಿಆರ್ ಎಂಬ ಎರಡಕ್ಷರವನ್ನು ಅವಳು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದಳೆಂದರೆ ಅದೇನೋ ಅವಳ ಮನೆದೇವರಿರಬೇಕು ಅಂದುಕೊಂಡಿದ್ದೆ.

ಆ ಯೂನಿಟ್ಟಿಗೆ ಸೇರಿದ ಆಸ್ತಿ ಈ ಗ್ರೈಂಡರ್. ಇದನ್ನು ಊರಿನಿಂದ ತಂದವರು ವಸಂತಿ ಆಂಟಿ. ಉಡುಪಿ ಕಡೆಯವರು, ಮನೆಮಾತು ತುಳು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ನಮ್ಮಿಂದ ನಾಲ್ಕು ಬೀದಿ ಆಚೆ ಮನೆ. ಅವರು ಹೊಸ ಗ್ರೈಂಡರ್ ತರಿಸಿಕೊಂಡಾಗ ಹಳೆಯದನ್ನು ಕರ್ನಾಟಕದ ವಿದ್ಯಾರ್ಥಿಗಳಿಗೆಂದು ಆ ಯೂನಿಟ್ಟಿಗೆ ಕೊಟ್ಟರು. ಆಮೇಲೆ ಹೊಸದು ಕೆಟ್ಟಿತು, ಹಳೆಯದು ಕೆಡಲಿಲ್ಲ. ಹಾಗಾಗಿ ದೊಡ್ಡ ಊಟ ಇದ್ದಾಗಲೆಲ್ಲ ಆಂಟಿ ನಮ್ಮಿಂದಲೇ ಇದನ್ನು ಎರವಲು ತರಿಸಿಕೊಳ್ಳುತ್ತಿದ್ದರು.

ನಮ್ಮಲ್ಲಿ ಪಾತ್ರೆಗೆ ಹೆಸರು ಹಾಕಿಸುವುದು ಗೊತ್ತಿರುವುದೇ. ಡ್ರಮ್ಮಿನ ತಳದಲ್ಲಿ ಮೊದಲಿಗೆ ಅಂಗಡಿಯವನ ಮೆಶಿನ್ನಿನಲ್ಲಿ ಕೊರೆಸಿದ ವಸಂತಿ ಆಂಟಿಯ ಹೆಸರು. ಅದರ ಕೆಳಗೆ, ಮೊಳೆ ಮತ್ತು ಸುತ್ತಿಗೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಹೊಡೆದ ಹೆಸರುಗಳು. ಆ ಯೂನಿಟ್ಟಿನಲ್ಲಿ ಒಂದು ವರ್ಷ ಪೂರೈಸಿದವರು ತಮ್ಮ ಹೆಸರು ಹೊಡೆಯಬಹುದೆಂಬುದು ಕಾಯಿದೆ. ಪ್ರಕಾಶ, ಲೋಹಿತ್, ಅನಸೂಯಾ, ಹೀಗೆ ಎಂಟು ಜನ. ಎಂಟನೆಯದು ವಿನುತಾ. ಅರ್ಧ ವರ್ಷಕ್ಕೆ ಬಂದ ನನಗೆ ಅಲ್ಲಿ ಜಾಗವಿರಲಿಲ್ಲ. ಆದರೆ ತೊಳೆಯುವ ಸರದಿ ಮಾತ್ರ ನನ್ನದೂ ಇತ್ತು ನೋಡಿ.

ನಿಜ ಹೇಳಬೇಕೆಂದರೆ ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ನಾವು ರೊಟ್ಟಿ ತಿನ್ನುವ ಜನ. ಅದು ತಿರುಗುವಾಗ ಸುತ್ತಿಗೊಮ್ಮೆ ಬೆಲ್ಟು ಕಿರ್ರ್ ಅನ್ನುತ್ತಿತ್ತು, ಪಕ್ಕದಲ್ಲಿ ಕೂತು ಓದುವ ಹಾಗಿರಲಿಲ್ಲ. ಜುಲೈ ಚಳಿಯಲ್ಲಿ ಹಿಟ್ಟು ಹುಳಿ ಬರುವುದಿಲ್ಲವೆಂದು ವಿನುತಾ ನನ್ನ ರಜಾಯಿಯನ್ನೇ ಪಾತ್ರೆಗೆ ಹೊದಿಸಿ ಹೀಟರಿನ ಮುಂದೆ ಕೂರಿಸಿದ್ದಳು. ಹಿಟ್ಟು ಬೆಚ್ಚಗಿತ್ತು, ನಾನು ಗಡಗಡ ನಡುಗುತ್ತಿದ್ದೆ.

ನವೆಂಬರ್ ಕೊನೆಯಲ್ಲಿ ನನ್ನ ವರದಿ ಸಲ್ಲಿಸಿದ್ದಾಯಿತು. ಆಮೇಲಿನ ಮೂರು ನಾಲ್ಕು ವಾರ ಇದೆಯಲ್ಲ, ಅಷ್ಟು ಸುಖದ ದಿನಗಳನ್ನು ನಾನು ಮತ್ತೆ ಕಾಣಲಿಲ್ಲ. ಓದುವುದಿಲ್ಲ, ಬರೆಯುವುದಿಲ್ಲ. ಬೆಳಿಗ್ಗೆ ಜಾಕೆಟ್ ಬೇಕು, ಮಧ್ಯಾಹ್ನ ನೆತ್ತಿ ಸುಡುತ್ತದೆ, ಸಂಜೆ ಮತ್ತೆ ದಕ್ಷಿಣದಿಂದ ತಣ್ಣನೆ ಗಾಳಿ. ಅಂಗಡಿಗಳ ಗಾಜಿನ ಮೇಲೆ ಹತ್ತಿಯ ಹಿಮ ಅಂಟಿಸಿ ಅದರ ಮುಂದೆ ಚಡ್ಡಿ ಹಾಕಿಕೊಂಡು ಐಸ್‌ಕ್ರೀಮ್ ತಿನ್ನುವ ಜನ. ಉಣ್ಣೆಯ ಕೆಂಪು ಅಂಗಿಯಲ್ಲಿ ಬೆವರಿಳಿಸುತ್ತ ಕೂತ ಕ್ರಿಸ್‌ಮಸ್ ತಾತನನ್ನು ನೋಡಿ ನನಗೆ ಕರುಳು ಚುರ್ರೆಂದಿತು, ಹೋಗಿ ಒಂದು ಬಾಟಲಿ ನೀರು ಕೊಟ್ಟು ಬಂದೆ. ಚೆರ್ರಿ ಹಣ್ಣಿನ ಕಾಲ ಬೇರೆ. ನಾನು, ವಿನುತಾ ಚೀಲಗಟ್ಟಲೆ ತಂದು, ಮೆಟ್ಟಿಲ ಮೇಲೆ ಕೂತು, ಬೀಜ ಯಾರು ದೂರ ಉಗುಳುತ್ತಾರೆಂದು ಪಂದ್ಯ ಕಟ್ಟುತ್ತಿದ್ದೆವು. ಬೀಜದ ವಿದ್ಯಾರ್ಥಿನಿಯಾದ ನಾನೇ ಸೋಲುತ್ತಿದ್ದೆ.

ಮಂಗಳವಾರ ನನ್ನ ವಿಮಾನ. ಅದರ ಹಿಂದಿನ ಶನಿವಾರ ವಸಂತಿ ಆಂಟಿಯ ಮನೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಊಟ. ಎಲ್ಲರಿಗೂ ಕ್ರಿಸ್‌ಮಸ್ ರಜೆ ಶುರುವಾಗುವ ಹೊತ್ತು, ಮೆಲ್ಬರ್ನಿನ ಮೂಲೆಮೂಲೆಯಿಂದ ಕನ್ನಡದವರು, ತುಳುವಿನವರು ಬಂದು ಸೇರುತ್ತಾರೆ. ಇಡ್ಲಿ ಇಲ್ಲದೆ ಆ ಊಟವಿಲ್ಲ. ಶುಕ್ರವಾರ ಬೆಳಿಗ್ಗೆಗೆ ಗ್ರೈಂಡರ್ ತಲುಪಿಸುವ ಹೊಣೆಯನ್ನು ಆಂಟಿ ನನಗೇ ಕೊಟ್ಟರು. ಹೊರಡುವ ಹುಡುಗಿಗೆ ಒಂದು ಕೆಲಸವೂ ಇಲ್ಲವೆಂದರೆ ಬೇಜಾರಾದೀತು ಎಂದು ನಗಾಡಿದರು.

ಆ ವಾರವೇ ನಮ್ಮ ಬೀದಿಯಲ್ಲಿ ಒಂದು ಚಂದದ ನೋಟ ಕಂಡಿತು. ಪ್ರತಿಯೊಂದು ಮನೆಯ ಮುಂದೆ, ಕಾಂಪೌಂಡಿಗೂ ರಸ್ತೆಗೂ ನಡುವೆ ಹುಲ್ಲಿನ ಪಟ್ಟಿ ಇರುತ್ತದಲ್ಲ, ನೇಚರ್ ಸ್ಟ್ರಿಪ್ ಅನ್ನುತ್ತಾರೆ, ಅದರ ಮೇಲೆ ಮನೆಯ ಸಾಮಾನೆಲ್ಲ ಹೊರಗೆ ಬಂದಿತ್ತು. ಸೋಫಾ, ಹಾಸಿಗೆ, ಕುರ್ಚಿ, ಟಿವಿ, ಬಟ್ಟೆ ಒಗೆಯುವ ಮೆಶಿನ್. ನನಗೆ ಎದೆ ತುಂಬಿ ಬಂತು. ಹಬ್ಬ ಹತ್ತಿರ ಬಂದರೆ ನಮ್ಮ ಗದಗಿನಲ್ಲೂ ಹೀಗೇ ಅಲ್ಲವೇ? ದೀಪಾವಳಿಗೆ ಮುಂಚೆ ಹಾಸಿಗೆ, ಡಬ್ಬಿ, ಮಂಚ ಎಲ್ಲವನ್ನೂ ಅಂಗಳಕ್ಕೆ ಹಾಕಿ, ಜಾಡಿಸಿ, ತೊಳೆದು, ಬಿಸಿಲು ಕಾಣಿಸಿ ಒಳಗಿಡುತ್ತೇವೆ. ಪಾಪ, ಇವರೂ ಕ್ರಿಸ್‌ಮಸ್ಸಿಗೆ ಮನೆ ಸಾರಿಸುತ್ತಿದ್ದಾರೆ, ನಾವು ಸುಮ್ಮನೆ ಇವರನ್ನು ಬೇರೆ ಜನ ಅಂದುಕೊಳ್ಳುತ್ತೇವೆ ಅಂತ ಅವ್ವನಿಗೆ ಫೋನಿನಲ್ಲಿ ಹೇಳಿಯೂ ಬಿಟ್ಟೆ.

ಊಟಕ್ಕೆ ಇನ್ನೂ ನಾಲ್ಕು ದಿನವಿದ್ದ ಆ ವಾರದ ಮಂಗಳವಾರ ಬೆಳಿಗ್ಗೆ ನಾನು ಗ್ರೈಂಡರನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಸಿದೆ. ನಮ್ಮ ಯೂನಿಟ್ಟಿನ ಹಿಂದೆ ಬಿಸಿಲಿಲ್ಲ. ಮುಂದೆ, ಹುಲ್ಲಿನ ಪಟ್ಟಿಯ ಮೇಲೆ ಒಳ್ಳೆಯ ಬಿಸಿಲು. ಒಂದು ಹಳೆಯ ಬೆಡ್‌ಶೀಟ್ ಹಾಸಿ, ಮೋಟಾರು, ಡ್ರಮ್ಮು, ಕಲ್ಲು ಎಲ್ಲ ಸಾಲಾಗಿ ಇಟ್ಟು, ತಲೆಸ್ನಾನಕ್ಕೆ ಹೋದೆ.

ಕೂದಲು ಒಣಗಿಸಿಕೊಳ್ಳುತ್ತ ಕೂತಿದ್ದಾಗ ವಿನುತಾ ಬಂದು ಗ್ರೈಂಡರ್ ಎಲ್ಲಿ ಅಂತ ಕೇಳಿದಳು.

"ಬಿಸಲಿಗೆ ಇಟ್ಟೀನಿ."

"ಯಾವ ಬಿಸಿಲಿಗೆ?"

"ರೋಡಿನ ಬಾಜೂಕ. ಎಲ್ಲಾರೂ ಇಟ್ಟಾರಲ್ಲ, ಹಬ್ಬಕ್ಕ."

ವಿನುತಾ ನಿಂತಲ್ಲೇ ನೆಲಕ್ಕೆ ಕೂತಳು. "ಅಯ್ಯೋ ಕರ್ಮವೇ, ಅದು ಹಬ್ಬಕ್ಕಲ್ಲ ಕಣೇ," ಅಂದಳು. "ಬೇಡದ ಸಾಮಾನು ಬಿಸಾಕೋ ವಾರ ಅದು."

ಹಾರ್ಡ್ ರಬ್ಬಿಶ್ ಎಂಬ ಮಾತು ನನ್ನ ಕಿವಿಗೆ ಬಿದ್ದದ್ದೇ ಆಗ. ವರ್ಷದಲ್ಲಿ ಒಂದು ವಾರ ಬೇಡದ ದೊಡ್ಡ ಸಾಮಾನುಗಳನ್ನು ಮನೆ ಮುಂದೆ ಇಡಬೇಕಂತೆ, ಲಾರಿ ಬಂದು ಒಯ್ಯುತ್ತದಂತೆ. ಲಾರಿಗೆ ಮುಂಚೆ ಯಾರು ಬೇಕಾದರೂ ಬಂದು ಬೇಕಾದದ್ದನ್ನು ಎತ್ತಿಕೊಂಡು ಹೋಗಬಹುದಂತೆ, ಅದು ಕಳವಲ್ಲವಂತೆ. ಒದ್ದೆ ಕೂದಲಲ್ಲೇ ಹೊರಗೋಡಿದೆ. ಬೆಡ್‌ಶೀಟನ್ನು ನೀಟಾಗಿ ಮಡಚಿ, ಗಾಳಿಗೆ ಹಾರದ ಹಾಗೆ ಮೇಲೊಂದು ಕಲ್ಲಿಟ್ಟು ಹೋಗಿದ್ದರು ಪುಣ್ಯಾತ್ಮರು. ನಮ್ಮ ಗ್ರೈಂಡರಿನ ಕಲ್ಲಲ್ಲ, ಬೇರೆ ಕಲ್ಲು.

ಎಂಟು ಜನ ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ಐದು ತಿಂಗಳಿಗೆ ಬಂದ ನಾನು ಒಂದು ತಲೆಸ್ನಾನದಲ್ಲಿ ಕಳೆದಿದ್ದೆ. ವಸಂತಿ ಆಂಟಿ ನನಗೆ ಮಾಡದ್ದೇನಿತ್ತು? ಜುಲೈಯಲ್ಲಿ ಏರ್‌ಪೋರ್ಟಿಗೆ ಬಂದು, ನಾನು ನಡುಗುವುದು ಕಂಡು ತಾವು ಹಾಕಿಕೊಂಡಿದ್ದ ಸ್ವೆಟರ್ ಬಿಚ್ಚಿ ಕೊಟ್ಟಿದ್ದರು. ಅವರಿಗೆ ಯಾವ ಮುಖ ತೋರಿಸಲಿ? ಅದು ಸಿಗದೆ ನಾನು ವಿಮಾನ ಹತ್ತುವಂತಿರಲಿಲ್ಲ.

ಬುಧವಾರ ಆಂಟಿಯ ಫೋನು ಬಂತು, ಗ್ರೈಂಡರ್ ತೊಳೆದಾಯಿತಾ ಎಂದು. ತೊಳೆದು ಇಟ್ಟೀನ್ರಿ ಆಂಟಿ ಅಂದೆ. ಸುಳ್ಳೇನಲ್ಲ, ತೊಳೆದದ್ದೂ ನಿಜ, ಇಟ್ಟದ್ದೂ ನಿಜ. ವಿನುತಾ ನನ್ನನ್ನು ಒಂದು ಥರ ನೋಡಿದಳು. ಅವಳು ಕೆಲಸಕ್ಕೆ ರಜೆ ಹಾಕಿ ನನ್ನ ಜೊತೆ ಬೀದಿ ಬೀದಿ ಅಲೆದಳು ಪಾಪ. ಗ್ರೈಂಡರಿನ ಚಿತ್ರ ಬರೆದು ಜೆರಾಕ್ಸ್ ಮಾಡಿ ಕಂಬಗಳಿಗೆ ಅಂಟಿಸಿದೆವು. ನಾನು ಬರೆದ ಚಿತ್ರ ನೋಡಿದ ಒಬ್ಬ ಹೆಂಗಸು ನಮ್ಮ ಬೆಕ್ಕು ಕಳೆದಿದೆ ಅಂದುಕೊಂಡು ಸಮಾಧಾನ ಹೇಳಿದಳು. ಇಡೀ ಗ್ಲೆನ್ ವೇವರ್ಲಿಯ ಹರಕು ಸೋಫಾಗಳ ಹಿಂದೆ ಮುಂದೆ ಹುಡುಕಿದೆವು. ಅಷ್ಟರಲ್ಲಿ ವಿನುತಾಗೆ ಒಂದು ಒಳ್ಳೆಯ ಲ್ಯಾಂಪ್ ಸ್ಟ್ಯಾಂಡ್ ಸಿಕ್ಕಿತು, ಬಿಡಲಿಲ್ಲ, ಹೆಗಲ ಮೇಲೆ ಹೊತ್ತುಕೊಂಡೇ ನಡೆದಳು.

ಗುರುವಾರ ಮಧ್ಯಾಹ್ನ, ಸ್ಟೇಷನ್ನಿನ ಆಚೆಗಿನ ಒಂದು ಬೀದಿಯಲ್ಲಿ ಕಾಲು ಸೋತು, ಮರದ ನೆರಳಿಗೆ ನಿಂತಿದ್ದೆವು. ಎಲ್ಲಿಂದಲೋ ಸಣ್ಣಗೆ ಕೇಳಿಸಿತು. ಗರಗರ ಗರಗರ ಕಿರ್ರ್. ಗರಗರ ಗರಗರ ಕಿರ್ರ್. ಐದು ತಿಂಗಳು ಯಾವ ಸದ್ದಿಗೆ ಹಿಡಿಶಾಪ ಹಾಕಿದ್ದೆನೋ ಅದೇ ಸದ್ದು. ನಾನು ವಿನುತಾಳ ರಟ್ಟೆ ಹಿಡಿದು ಎಳೆದುಕೊಂಡೇ ಓಡಿದೆ.

ಒಂದು ಗ್ಯಾರೇಜಿನ ಬಾಗಿಲು ತೆರೆದಿತ್ತು. ಒಳಗೆ ಗೋಡೆ ತುಂಬ ಬಿಚ್ಚಿದ ಮೆಶಿನ್ನುಗಳು. ನಡುವೆ ಬನಿಯನ್ ಹಾಕಿಕೊಂಡ ಒಬ್ಬ ಮುದುಕ, ಮರದ ಚಮಚ ಹಿಡಿದು ನಮ್ಮ ಗ್ರೈಂಡರಿನ ಮುಂದೆ ಕೂತಿದ್ದ. ಡ್ರಮ್ಮಿನೊಳಗೆ ಹಚ್ಚಹಸಿರು ಏನೋ ತಿರುಗುತ್ತಿತ್ತು. ತುಳಸಿಯ ಹಾಗೆ ಘಮಘಮಿಸುವ ಬೇಸಿಲ್ ಸೊಪ್ಪು, ಎಣ್ಣೆ, ಮತ್ತು ಅಮ್ಮಾ, ಹಿಡಿಗಟ್ಟಲೆ ಬೆಳ್ಳುಳ್ಳಿ.

ಹೆಸರು ನೀನೋ. ಇಟಲಿಯಿಂದ ಹರೆಯದಲ್ಲೇ ಬಂದವನು, ಬಿಸಾಕಿದ ಮೆಶಿನ್ನುಗಳನ್ನು ತಂದು ರಿಪೇರಿ ಮಾಡುವುದೇ ಅವನ ಹುಚ್ಚು. ನಮ್ಮನ್ನು ನೋಡಿದ್ದೇ ಖುಷಿಯಿಂದ ವಿವರಿಸತೊಡಗಿದ. ಈ ಚಟ್ನಿಯನ್ನು ಅವರ ಊರಿನಲ್ಲಿ ಕಲ್ಲಿನಲ್ಲೇ ಅರೆಯಬೇಕಂತೆ, ಮಿಕ್ಸಿಗೆ ಹಾಕಿದರೆ ಅವನ ತಾಯಿ ಸಮಾಧಿಯಿಂದ ಎದ್ದು ಬರುತ್ತಾಳಂತೆ. ಇಷ್ಟು ವರ್ಷ ಕೈಯಲ್ಲೇ ಕುಟ್ಟುತ್ತಿದ್ದನಂತೆ. ಯಾರೋ ಒಬ್ಬ ಮಹಾ ಮೂರ್ಖ ಇಂಥ ಬಂಗಾರದಂಥ ಮೆಶಿನ್ನನ್ನು ತೊಳೆದು, ಬೆಡ್‌ಶೀಟ್ ಹಾಸಿ ಬಿಸಾಕಿದ್ದ ಎಂದ.

ಆ ಮೂರ್ಖಳು ನಾನೇ ಅಂದೆ.

ಅವನು ಸುಲಭಕ್ಕೆ ನಂಬಲಿಲ್ಲ. ಬೀದಿಯಲ್ಲಿ ಸಿಕ್ಕದ್ದು ಸಿಕ್ಕವರದು, ನಿಮ್ಮದು ಅನ್ನುವುದಕ್ಕೆ ಗುರುತೇನು ಎಂದ. ಡ್ರಮ್ಮಿನ ತಳ ನೋಡು, ನಮ್ಮ ಭಾಷೆಯಲ್ಲಿ ಹೆಸರುಗಳಿವೆ, ನೋಡದೇ ಹೇಳುತ್ತೇನೆ ಅಂದೆ. ಅವನು ಆಸಕ್ತಿಯಿಂದ ಮೋಟಾರು ನಿಲ್ಲಿಸಿ, ಚಟ್ನಿಯನ್ನೆಲ್ಲ ಬಟ್ಟಲಿಗೆ ಬಳಿದು, ಡ್ರಮ್ಮು ಬೋರಲು ಹಾಕಿದ. ನಾನು ಕಣ್ಣು ಮುಚ್ಚಿ ವಸಂತಿಯಿಂದ ವಿನುತಾವರೆಗೆ ಒಂಬತ್ತೂ ಹೆಸರು ಒಪ್ಪಿಸಿದೆ, ಮಗ್ಗಿ ಒಪ್ಪಿಸಿದ ಹಾಗೆ. ಅವನು ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಎಣಿಸಿ ತಲೆಯಾಡಿಸಿದ. ಆಮೇಲೆ ಕೇಳಿದ, "ಇದರಲ್ಲಿ ನಿನ್ನ ಹೆಸರು ಯಾವುದು?"

"ನಂದು ಇಲ್ಲ," ಅಂದೆ.

ಎರಡು ದಿನ ತಡೆದುಕೊಂಡ ಅಳು ಅಲ್ಲಿ, ಆ ಬೆಳ್ಳುಳ್ಳಿ ವಾಸನೆಯ ನಡುವೆ, ಕಟ್ಟೆ ಒಡೆದು ಬಂತು. ಇಲ್ಲಿ ಒಂದು ವರ್ಷ ಇದ್ದವರ ಹೆಸರು ಮಾತ್ರ ಬರೆಯುತ್ತಾರೆ, ನಾನು ಅರ್ಧಕ್ಕೇ ಹೋಗುವವಳು, ಉಳಿದವರ ಹೆಸರನ್ನಾದರೂ ಕಾಯಬೇಕಿತ್ತು, ಅದನ್ನೂ ಕಾಯಲಿಲ್ಲ ಎಂದು ಹೇಗೋ ಹೇಳಿದೆ. ನೀನೋ ಬನಿಯನ್ನಿನ ಅಂಚಿನಲ್ಲಿ ಕೈ ಒರೆಸಿಕೊಂಡ. ಆಮೇಲೆ ಎದ್ದು, ಡಬ್ಬಿಗಳಲ್ಲಿ ಹುಡುಕಿ ಯಾವುದೋ ಒಗೆಯುವ ಮೆಶಿನ್ನಿನ ಬೆಲ್ಟು ತೆಗೆದು, ನಮ್ಮ ಗ್ರೈಂಡರಿಗೆ ಹಾಕಿ ತಿರುಗಿಸಿದ. ಕಿರ್ರ್ ಹೋಗಿತ್ತು. ಒಯ್ಯಿ ಅಂದ. ಆದರೆ ಇದು ನಿಜವಾಗಿ ಏನು ಮಾಡುತ್ತದೋ ಅದನ್ನು ತಾನು ತಿಂದು ನೋಡಬೇಕು ಎಂಬ ಒಂದು ಷರತ್ತು ಹಾಕಿದ. ಹೋದ ಜೀವ ಬಂದಂತಾಯಿತು.

ಶುಕ್ರವಾರ ಬೆಳಿಗ್ಗೆವರೆಗೆ ನಾವಿಬ್ಬರೂ ಹುಣಸೆಹಣ್ಣು, ಉಪ್ಪು, ನಿಂಬೆಸಿಪ್ಪೆ, ಅಕ್ಕಿನುಚ್ಚು ಎಲ್ಲ ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ಡ್ರಮ್ಮು ಹೊಳೆಯಿತು. ಕಲ್ಲು ಮಾತ್ರ ಬೆಳ್ಳುಳ್ಳಿ ಬಿಟ್ಟುಕೊಡಲಿಲ್ಲ. ವಸಂತಿ ಆಂಟಿಯ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಎಂಬ ಶಬ್ದವನ್ನೂ ಯಾರೂ ಎತ್ತುತ್ತಿರಲಿಲ್ಲ. ಹೇಳದೆ ದಾಟಿಸಿಬಿಡೋಣ ಎಂದು ವಿನುತಾಳ ಸಲಹೆ. ನಾನು ಮನಸ್ಸು ಗಟ್ಟಿ ಮಾಡಿಕೊಂಡು ಗ್ರೈಂಡರ್ ಹೊತ್ತು ನಡೆದೆ.

ಆಂಟಿ ಕಲ್ಲನ್ನು ಕೈಗೆತ್ತಿಕೊಂಡದ್ದೇ ಮೂಗಿನ ಹತ್ತಿರ ತಂದರು. "ಎಂತ ಇದು ಗಿರಿಜಾ?"

ಹೇಳಿದೆ. ಹಬ್ಬ ಅಂದುಕೊಂಡದ್ದು, ತಲೆಸ್ನಾನ, ಕಂಬದ ಮೇಲಿನ ಬೆಕ್ಕು, ನೀನೋ, ಫೋನಿನಲ್ಲಿ ತೊಳೆದು ಇಟ್ಟೀನಿ ಅಂದದ್ದು, ಒಂದನ್ನೂ ಬಿಡಲಿಲ್ಲ. ತಲೆ ತಗ್ಗಿಸಿ ಡೈನಿಂಗ್ ಟೇಬಲ್ಲಿನ ಕುರ್ಚಿಯಲ್ಲಿ ಕೂತೆ. ತಲೆಯೆತ್ತಿ ನೋಡಿದರೆ ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದರು.

"ನೀನು ಕೂತ ಕುರ್ಚಿ ಎಲ್ಲಿಂದ ಬಂತು ಅಂತ ಗೊತ್ತುಂಟಾ ಮಾರಾಯ್ತಿ?" ಅಂದರು. "ಆ ಟೇಬಲ್ಲು, ಈ ಆರು ಕುರ್ಚಿ, ಎಲ್ಲ ನಾನೂ ಅಂಕಲ್ಲೂ ಬಂದ ವರ್ಷ ಬೀದಿಯಿಂದ ಹೊತ್ತು ತಂದದ್ದು. ಇಷ್ಟರವರೆಗೆ ಯಾರಿಗೂ ಹೇಳಿರ್ಲಿಲ್ಲ."

ಆಮೇಲೆ ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಂಟಿ ಕಲ್ಲನ್ನು ಬಿಸಿನೀರಿನಲ್ಲಿ ಅದ್ದಿ, ಮೂರು ಸಲ ಬರೀ ಅಕ್ಕಿ ಅರೆದು ಚೆಲ್ಲಿ, ನಾಲ್ಕನೆಯದಕ್ಕೆ ಉದ್ದು ಹಾಕಿದರು. ಸ್ವಲ್ಪ ವಾಸನೆ ಉಳಿದರೆ ಉಳಿಯಲಿ, ಯಾರಿಗೂ ಏನೂ ಆಗುವುದಿಲ್ಲ ಅಂದರು. ಆ ಮಾತು ಅವರ ಬಾಯಿಂದ ಬಂದದ್ದು ಕೇಳಿ ಅಂಕಲ್ ಕೈಲಿದ್ದ ಪೇಪರ್ ಕೆಳಗಿಟ್ಟರು.

ಶನಿವಾರ ನೆತ್ತಿ ಸುಡುವ ಬಿಸಿಲು. ಹಿತ್ತಲಿನಲ್ಲಿ ಶಾಮಿಯಾನದ ಹಾಗೆ ಸೀರೆಗಳನ್ನು ಕಟ್ಟಿದ್ದರು. ಒಳಗೆ ಮಕ್ಕಳು ಅಲಂಕರಿಸಿದ ಪ್ಲಾಸ್ಟಿಕ್ ಕ್ರಿಸ್‌ಮಸ್ ಮರ, ಅದರ ತುದಿಗೆ ನಕ್ಷತ್ರ ಸಿಗದೆ ಕಟ್ಟಿದ್ದು ಆಂಟಿಯ ಕೆಂಪು ಕುಂಕುಮದ ಡಬ್ಬಿ. ನೀನೋ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಒಂದು ದೊಡ್ಡ ಬಾಟಲಿ ಹಸಿರು ಚಟ್ನಿ ಹಿಡಿದು ಬಂದ. ಇಡ್ಲಿಯನ್ನು ಕೈಯಲ್ಲಿ ಹಿಡಿದು ಒತ್ತಿ ನೋಡಿದ, ಮೂಸಿದ, ಮುರಿದ, ತನ್ನ ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟು ಕಣ್ಣು ಮುಚ್ಚಿದ. ನೋಡುತ್ತ ನೋಡುತ್ತ ಮಕ್ಕಳೆಲ್ಲ ಅವನ ಸುತ್ತ ಸೇರಿಕೊಂಡು ಅದೇ ಬೇಕೆಂದು ಹಠ ಹಿಡಿದರು. ಆಂಟಿಯ ತೆಂಗಿನಕಾಯಿ ಚಟ್ನಿ ಹಾಗೇ ಉಳಿಯಿತು. ಕೊನೆಗೆ ಆಂಟಿಯೂ ಬೆರಳ ತುದಿಯಲ್ಲಿ ಒಂದಿಷ್ಟು ನೆಕ್ಕಿ ನೋಡಿ, ಅಡ್ಡಿಲ್ಲ ಅಂದರು. ಉಡುಪಿಯವರ ಬಾಯಲ್ಲಿ ಅಡ್ಡಿಲ್ಲ ಅಂದರೆ ಅದು ದೊಡ್ಡ ಬಿರುದು.

ಮಂಗಳವಾರ ಏರ್‌ಪೋರ್ಟಿಗೆ ಆಂಟಿಯೇ ಬಿಟ್ಟುಬಂದರು. ಜುಲೈಯಲ್ಲಿ ಕೊಟ್ಟ ಸ್ವೆಟರ್ ವಾಪಸ್ಸು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಹೆಸರಿನ ವಿಷಯ ನಾನೇ ನಗುತ್ತ ಎತ್ತಿದೆ, ನನ್ನದೊಂದು ಇಲ್ಲದೇ ಹೋಯಿತಲ್ಲ ಎಂದು. ಕಾಯಿದೆ ಕಾಯಿದೆಯೇ, ಅರ್ಧ ವರ್ಷ ಬಾಕಿ ಉಂಟು, ಬಂದು ಮುಗಿಸು ಅಂದರು. ಬೇಗ ಬರುತ್ತೇನೆ ಅಂದೆ. ಎಲ್ಲರೂ ಹಾಗೇ ಅನ್ನುತ್ತಾರೆ. ಕೆಲಸ, ಮದುವೆ, ಮಕ್ಕಳು ಎಂದು ಹದಿನೈದು ವರ್ಷಕ್ಕೂ ಮೀರಿ ಕಳೆಯಿತು. ಈಗ ಬೀಜದ ಒಂದು ಸಮ್ಮೇಳನ ಸಿಡ್ನಿಯಲ್ಲಿ ಬಿದ್ದದ್ದರಿಂದ ವಿನುತಾಳ ಮನೆಗೆ ಬಂದಿದ್ದೆ. ನಾನು ಹೊರಟ ಮರುವರ್ಷವೇ ಆ ಯೂನಿಟ್ಟನ್ನು ಕೆಡವಿ ಟೌನ್‌ಹೌಸ್ ಕಟ್ಟಿದಾಗ, ಇಟ್ಟುಕೊಳ್ಳುವ ವಿದ್ಯಾರ್ಥಿ ಇಲ್ಲದೆ, ಆಂಟಿ ಗ್ರೈಂಡರನ್ನು ಅವಳಿಗೆ ಕೊಟ್ಟಿದ್ದರಂತೆ.

ಊಟವಾದ ಮೇಲೆ ವಿನುತಾ ಮರುದಿನಕ್ಕೆಂದು ಮತ್ತೊಂದು ಸುತ್ತು ಅರೆದಳು. ಸದ್ದೇ ಇಲ್ಲ, ನೀನೋನ ಬೆಲ್ಟು ಇನ್ನೂ ಇತ್ತು. ಹಿಟ್ಟು ಬಳಿದು, ಡ್ರಮ್ಮು ತೊಳೆದು ನನ್ನ ಕೈಗೆ ಕೊಟ್ಟಳು.

"ಬಿಸಿಲಿಗಿಟ್ಟು ಬಾ," ಅಂದಳು. "ಹಿತ್ತಲಿಗೆ ಕಣೇ, ಈ ಸಲ ಹಿತ್ತಲಿಗೆ."

ಹಿತ್ತಲಿನ ಕಟ್ಟೆಯ ಮೇಲೆ ಬೋರಲು ಹಾಕಿದೆ. ಬಿಸಿಲಿಗೆ ಹೆಸರುಗಳೆಲ್ಲ ಮಿಂಚಿದವು. ನನಗೆ ಬಾಯಿಪಾಠವಾಗಿದ್ದ ಒಂಬತ್ತು. ಕೊನೆಯದು ವಿನುತಾ. ಅದರ ಕೆಳಗೆ, ಮೊಳೆಯ ಚುಕ್ಕಿಗಳಲ್ಲಿ, ಹತ್ತನೆಯದು ಇತ್ತು. ಗಿರಿಜಾ, ಅರ್ಧ. ಅದರ ಪಕ್ಕದಲ್ಲಿ ಇನ್ನೂ ಒಂದು, ಯಾರೋ ಬರೆದುಕೊಟ್ಟದ್ದನ್ನು ನೋಡಿ ನಕಲು ಮಾಡಿದ ಸೊಟ್ಟ ಕನ್ನಡದಲ್ಲಿ, ನೀನೋ.

ನಾನು ಹೊರಟ ಮರುವಾರವೇ ಆಂಟಿ ನೀನೋನ ಗ್ಯಾರೇಜಿಗೆ ಹೋಗಿ, ಅವನ ಸುತ್ತಿಗೆಯಲ್ಲೇ ಹೊಡೆದು ಬಂದಿದ್ದರಂತೆ. ಹೇಳಬೇಡ, ಅವಳೇ ಬಂದು ನೋಡಲಿ ಎಂದು ವಿನುತಾಳಿಂದ ಮಾತು ತೆಗೆದುಕೊಂಡಿದ್ದರಂತೆ. ಹದಿನೈದು ವರ್ಷ ಒಂದು ಮಾತು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು ಈ ಬಾಯಿಬಡುಕಿ. ನಾನು ಬಿಸಿಲಲ್ಲೇ ಕೂತು ಮೆಲ್ಬರ್ನಿಗೆ ಫೋನು ಹಚ್ಚಿದೆ. ಆ ಕಡೆ ಬಹಳ ಹೊತ್ತು ರಿಂಗಾಗಿ, ಆಮೇಲೆ ವಯಸ್ಸಾದ, ಆದರೆ ಅದೇ ದನಿ ಕೇಳಿಸಿತು.

"ಆಂಟಿ, ನಾನ್ರಿ, ಗಿರಿಜಾ."

"ಯಾವ ಗಿರಿಜಾ? ಅರ್ಧ ಗಿರಿಜಾನಾ?"

ಹೌದ್ರಿ ಅನ್ನುವಷ್ಟರಲ್ಲಿ ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಎಲ್ಲಿದ್ದೀ, ಯಾವಾಗ ಬಂದೆ ಎಂದೇನೂ ಆಂಟಿ ಕೇಳಲಿಲ್ಲ. ಬಾಕಿ ಅರ್ಧ ಎಂತಾಯಿತು ಎಂದು ಮಾತ್ರ ಕೇಳಿದರು. ನಾನು ಫೋನು ಕಿವಿಗಿಟ್ಟುಕೊಂಡೇ ವಿನುತಾಳನ್ನು ಕೂಗಿ, ನಾಳೆಗೆ ಮೆಲ್ಬರ್ನಿಗೆ ಒಂದು ಟಿಕೆಟ್ ಬುಕ್ ಮಾಡು ಅಂದೆ. ಅವಳು ಆಗಲೇ ಎರಡು ಮಾಡಿದ್ದಳು.